ಅವ್ವ ಮೆತ್ತಿದ ನೆರೆಮನೆ

ಹೋದ ಆಷಾಢದಲ್ಲಿ ಬಾಗಲಕೋಟೆಯ ನಮ್ಮ ಮನೆಯ ಅಡುಗೆಕೋಣೆಯ ಗೋಡೆ ತೇವ ಹಿಡಿದು ಉಬ್ಬಿತು. ಗೌಂಡಿ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದ. ಕೊನೆಗೆ ನಾನೇ ಕೆರೆದು ಮೆತ್ತಿದರಾಯಿತೆಂದು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಸೆರಗು ಸಿಕ್ಕಿಸಿದೆ. ಹಳೆಯ ಪದರು ಉದುರಿ ಬಿದ್ದ ಪುಡಿಯ ಮೇಲೆ ಒಂದಿಷ್ಟು ನೀರು ಚಿಮುಕಿಸಿದ್ದೇ ತಡ, ಹಸಿ ಸುಣ್ಣದ ವಾಸನೆ ಎದ್ದಿತು. ಮೂಗಿಗೆ ಚುರುಕು, ಗಂಟಲಿಗೆ ತಂಪು. ನಿಮ್ಮ ಮನೆಯಲ್ಲೂ ದಸರೆಗೆ ಮುಂಚೆ ಮಣ್ಣಿನ ಹರವಿಯಲ್ಲಿ ಸುಣ್ಣದ ಹರಳು ಕೊತಕೊತ ಕುದಿದದ್ದಿದ್ದರೆ, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅಲ್ಲೇ ನೆಲಕ್ಕೆ ಯಾಕೆ ಕೂತೆನೆಂದು ಬಿಡಿಸಿ ಹೇಳಬೇಕಾಗಿಲ್ಲ. ತೀರಿಹೋದ ಅವ್ವ ಕಣ್ಣಮುಂದೆ ಬಂದಳು. ಆದರೆ ಬಂದದ್ದು ಅವಳ ಮುಖವಲ್ಲ, ಬೆನ್ನು. ನಮ್ಮ ಮನೆಗೆ ಬೆನ್ನು ಮಾಡಿ ನೆರೆಮನೆಯ ಗೋಡೆಗೆ ಸುಣ್ಣ ಹಚ್ಚುತ್ತ ನಿಂತ ಅವ್ವನ ಬೆನ್ನು. ಅದನ್ನು ನೋಡಿ ಹುಡುಗಿಯಾಗಿದ್ದಾಗ ಹೊಟ್ಟೆಯಲ್ಲಿ ಎದ್ದ ಕಿಚ್ಚು, ಈ ವಯಸ್ಸಿನಲ್ಲೂ ಹಾಗೆಯೇ ಎದ್ದಿತು.

ನಮ್ಮ ಮನೆ ಅಮೀನಗಡದಲ್ಲಿತ್ತು, ರಸ್ತೆಗೆ ಹತ್ತಿಕೊಂಡೇ. ಅಪ್ಪ ಕರದಂಟಿನ ಅಂಗಡಿಯಲ್ಲಿ ಬೆಲ್ಲದ ಪಾಕ ತಿರುವುತ್ತಿದ್ದ. ಬೆಳಗಾಗುತ್ತಲೇ ಹೋದರೆ ತುಪ್ಪ, ಅಂಟು, ಬೆಲ್ಲದ ವಾಸನೆ ಹೊತ್ತು ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಹೀಗಾಗಿ ಮನೆಯ ಮೈ ನೋಡಿಕೊಳ್ಳುವುದು ಅವ್ವನ ಪಾಲಿಗೆ ಬಂದಿತ್ತು. ಮಣ್ಣಿನ ಮಾಳಿಗೆ, ಕಲ್ಲು-ಮಣ್ಣಿನ ಗೋಡೆ. ಅಂಥ ಮನೆ ಹಸುಗೂಸಿನ ಹಾಗೆ, ದಿನಾ ಏನಾದರೊಂದು ಕೇಳುತ್ತಿರುತ್ತದೆ. ಮಳೆಗಾಲಕ್ಕೆ ಮುಂಚೆ ಅವ್ವ ಮಾಳಿಗೆಯ ಮೇಲೆ ನೀರು ತಡೆಯುವ ಹಾಳಮಣ್ಣು ಹರವಿ, ನೀರು ಚಿಮುಕಿಸಿ, ಅಂಗಾಲಿನಿಂದ ತುಳಿದು ಗಟ್ಟಿ ಮಾಡುತ್ತಿದ್ದಳು. ಕೆಂಪು ಮಣ್ಣಿಗೆ ಹೊಟ್ಟು ಕಲಸಿ ಕೊಳೆಯಲು ಬಿಟ್ಟು, ಅದು ಹುಳಿವಾಸನೆ ಹೊಡೆಯತೊಡಗಿದ ಮೇಲೆ ಬಿರುಕುಗಳಿಗೆ ಮೆತ್ತುತ್ತಿದ್ದಳು. ಕದ ಕಿರುಗುಟ್ಟಿದರೆ ಎಣ್ಣೆ, ಕಿಟಕಿ ಸಡಿಲಾದರೆ ಬೆಣೆ, ಕೊಡ ತೂತಾದರೆ ಅರಗು. ಕೆಲಸ ಮುಗಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ಗೋಡೆಯನ್ನು ನೋಡುತ್ತಿದ್ದಳು. ಆ ನೋಟ ನನ್ನ ಮೇಲೆ ಯಾವತ್ತೂ ಬೀಳಲಿಲ್ಲವೆಂದು ನನಗೆ ಅನಿಸುತ್ತಿತ್ತು.

ಅದು ಬಿದ್ದದ್ದು ನಿಂಗಿಯ ಮೇಲೆ. ನಿಂಗಿ, ಅಂದರೆ ನಿಂಗವ್ವ, ನಮ್ಮ ನೆರೆಮನೆಯವಳು, ನನಗಿಂತ ತುಸು ಚಿಕ್ಕವಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರು ಬೀರಪ್ಪನ ಒಕ್ಕಲು, ಕುರಿ ಸಾಕುವವರು. ಅವಳ ಅಪ್ಪ ದೀಪಾವಳಿ ಮುಗಿಸಿ ಕುರಿ ಹಿಂಡಿನ ಜೊತೆ ಮೇವಿಗೆ ಹೋದರೆ ಮಳೆ ಬಂದ ಮೇಲೆಯೇ ಊರು ಕಾಣುವುದು; ಬಂದರೂ ಹಗಲು-ರಾತ್ರಿ ಊರಾಚೆ ಕುರಿಗಳ ಹಟ್ಟಿಯಲ್ಲೇ. ಅವಳ ತಾಯಿ ಜ್ವರದಲ್ಲಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಕಣ್ಣು ಮಂಜಾದ ಅಜ್ಜಿ ಮತ್ತು ನಿಂಗಿ. ಅವ್ವ ಅಲ್ಲಿಗೆ ಮೊದಲು ಹೋದದ್ದು ಒಡೆದ ಒಲೆ ಮೆತ್ತಲಿಕ್ಕೆ. ಆಮೇಲೆ ಬಚ್ಚಲಿನ ಕಲ್ಲು ಕೂರಿಸಲಿಕ್ಕೆ. ಆಮೇಲೆ ಯಾಕೆ ಹೋದಳು ಎಂದು ಕೇಳುವುದನ್ನೇ ನಾವು ಬಿಟ್ಟೆವು. ನಿಂಗಿ ಅವ್ವನನ್ನು ಚಿಕ್ಕಮ್ಮನ ಹಾಗೆ 'ಕಾಕು' ಎನ್ನುತ್ತ, ಪುಟ್ಟಿಯಲ್ಲಿ ಮಣ್ಣು ಎತ್ತಿಕೊಡುತ್ತ ಅವಳ ಹಿಂದೆಯೇ ಇರುತ್ತಿದ್ದಳು. ಒಂದು ದಿನ ಅವ್ವ ತಾನು ಮೆತ್ತುವ ಕರಣಿಯನ್ನು ಅವಳ ಕೈಗಿಟ್ಟು, ಮಣಿಕಟ್ಟು ಹಿಡಿದು, ಗೋಡೆಯ ಮೇಲೆ ಹೇಗೆ ಎಳೆಯಬೇಕೆಂದು ತೋರಿಸಿದಳು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ನನಗೆ ಅಕ್ಷರ ತಿದ್ದಿಸಿದವನು ಅಪ್ಪ. ಅವ್ವ ನನ್ನ ಕೈಯನ್ನು ಹಾಗೆ ಹಿಡಿದ ನೆನಪೇ ಇರಲಿಲ್ಲ.

"ಬಾ ಸುಮಿ, ನೀನೂ ಕಲಿ," ಎಂದಳು ನನ್ನನ್ನು ಕಂಡು.

"ನನಗ ಸಾಲಿ ಅಭ್ಯಾಸ ಐತಿ," ಎಂದು ಒಳಗೆ ಬಂದೆ. ಪುಸ್ತಕ ಬಿಚ್ಚಿ ಕೂತರೂ ಗೋಡೆಯಾಚೆಯಿಂದ ಕರಣಿಯ ಸದ್ದು, ನಡುನಡುವೆ ಇಬ್ಬರ ನಗು. ಅದೊಂದೇ ಗೋಡೆಯಾದ್ದರಿಂದ ಎಲ್ಲ ಕೇಳಿಸುತ್ತಿತ್ತು.

ಆ ವರ್ಷ ಉತ್ತರಿ ಮಳೆ ಜೋರಾಗಿ ಹಿಡಿಯಿತು. ಸಾಲಿಯಿಂದ ತೊಯ್ದುಕೊಂಡು ಮನೆಗೆ ಬಂದರೆ ಎರಡೂ ಮಾಳಿಗೆ ಸೋರುತ್ತಿದ್ದವು. ಅವ್ವ ನಮ್ಮ ಮನೆಯಲ್ಲಿರಲಿಲ್ಲ. ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಂಗಿಯ ಮಾಳಿಗೆಯ ಮೇಲೆ ಮಂಡಿಯೂರಿ, ನೀರು ಇಳಿಯುವ ಕಡೆ ಮಣ್ಣು ತುರುಕುತ್ತಿದ್ದಳು. ನಿಂಗಿ ನಿಚ್ಚಣಿಕೆಯ ಮೇಲೆ ನಿಂತು ಪುಟ್ಟಿ ಕೊಡುತ್ತಿದ್ದಳು. ಇಲ್ಲಿ ನಮ್ಮ ಪಡಸಾಲೆಯಲ್ಲಿ, ಹಬ್ಬಕ್ಕೆಂದು ಹೊಲಿಸಿ ಗೂಟಕ್ಕೆ ತೂಗುಹಾಕಿದ್ದ ನನ್ನ ಹೊಸ ಲಂಗದ ಮೇಲೆ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ನಾನು ಅದನ್ನು ತೆಗೆಯಲಿಲ್ಲ. ಅವ್ವ ಬಂದು ನೋಡಲಿ ಎಂದು ಕಂಬಕ್ಕೊರಗಿ ಕೂತೆ. ಅವಳು ಬಂದದ್ದು ಲಂಗವೆಲ್ಲ ಕೆಸರಾದ ಮೇಲೆ. ಮೈಯಿಂದ ನೀರು ಸುರಿಯುತ್ತಿತ್ತು.

"ನಿನ್ನ ಮಗಳು ನಾನೋ, ಆಕಿನೋ?" ಎಂದೆ.

ಅವ್ವ ಲಂಗವನ್ನು ನೋಡಿದಳು, ನನ್ನನ್ನು ನೋಡಿದಳು. "ನಮ್ಮನಿ ಸೋರಿದ್ರ ಹಿಂಗ ಜಗಳಾಡಾಕ ನಿನಗ ನಾ ಅದೇನಿ. ಆಕಿ ಯಾರ ಜೋಡಿ ಜಗಳಾಡಬೇಕು?" ಎಂದು ಸಮಾಧಾನದಿಂದಲೇ ಹೇಳಿ, ಅದೇ ಒದ್ದೆ ಸೀರೆಯಲ್ಲಿ ನಮ್ಮ ಮಾಳಿಗೆ ಹತ್ತಿದಳು. ಮಾತು ಖರೆಯಾಗಿತ್ತು. ಖರೆ ಮಾತಿನಿಂದ ಹೊಟ್ಟೆಕಿಚ್ಚು ಆರುವುದಿಲ್ಲ ಎಂಬುದು ನನಗೆ ಅವತ್ತೇ ತಿಳಿಯಿತು.

ಮುಂದೆ ನಿಂಗಿ ಮದುವೆಯಾಗಿ ಇಳಕಲ್ಲಿಗೆ ಹೋದಳು. ನಾನು ಓದಿ ಬಾಗಲಕೋಟೆಯಲ್ಲಿ ಸಾಲಿ ಟೀಚರಾದೆ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆ ಇರಲು ಬಂದಳು. ಇನ್ನಾದರೂ ಅವಳು ನನ್ನೊಬ್ಬಳ ಪಾಲಿಗೆ ಎಂದುಕೊಂಡೆ. ಆದರೆ ನನ್ನ ಸಿಮೆಂಟಿನ ಮನೆಯಲ್ಲಿ ಅವಳ ಕೈಗೆ ಕೆಲಸವಿರಲಿಲ್ಲ. ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ ಕೈ ಹಿಂದೆ ತೆಗೆಯುತ್ತಿದ್ದಳು. ನಳ ತೊಟ್ಟಿಕ್ಕಿದರೆ, ಕದ ಅಂಟಿಕೊಂಡರೆ, "ನಿಂಗಿ ಇದ್ದಿದ್ರ ಒಂದ್ ಗಳಿಗ್ಯಾಗ ಮಾಡ್ತಿದ್ಲು," ಎನ್ನುತ್ತಿದ್ದಳು. ಅವಳಿಗೆ ಅದು ಬರೀ ಮಾತು. ನಾನು ಪ್ರತಿಸಲ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದೆ. ರಸ್ತೆ ಅಗಲವಾಗುವಾಗ ಅಮೀನಗಡದ ಎರಡೂ ಮನೆಗಳು ಬಿದ್ದವು ಎಂಬ ಸುದ್ದಿ ಬಂದ ಸಂಜೆ ಅವ್ವ ಒಂದೇ ಮಾತು ಹೇಳಿದಳು: "ನಡುವಿನ ಗ್ವಾಡಿ ಕೆಡವಾಕ ಭಾಳ ಹೊತ್ತು ಹಿಡಿದಿರಬೇಕು." ಮರು ಚಳಿಗಾಲದಲ್ಲಿ ಅವಳೂ ಹೋದಳು.

ಸುಣ್ಣದ ವಾಸನೆ ಎದ್ದ ಆ ವಾರವೇ, ಭಾನುವಾರ, ನಾನು ಇಳಕಲ್ಲಿನ ಬಸ್ಸು ಹತ್ತಿದೆ. ಯಾಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅಮೀನಗಡ ಬಂದಾಗ ಕಿಟಕಿಯಿಂದ ಹೊರಗೆ ನೋಡಿದೆ. ನಮ್ಮ ಪಡಸಾಲೆ ಇದ್ದ ಜಾಗ ಯಾವುದೆಂದು ಗುರುತು ಹಿಡಿಯುವುದರೊಳಗೆ ಬಸ್ಸು ಅದರ ಮೇಲೆ ಹಾಯ್ದು ಮುಂದೆ ಹೋಗಿತ್ತು. ಹುನಗುಂದ ದಾಟುವವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ನಿಂಗಿ ತನ್ನ ಮನೆಯ ಹಿತ್ತಲಲ್ಲಿ ಬಚ್ಚಲಿನ ಗೋಡೆಗೆ ಗಿಲಾವು ಮಾಡುತ್ತಿದ್ದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ನನ್ನನ್ನು ಕಂಡು ನಕ್ಕಳು. ಕೈಯಲ್ಲಿನ ಸಿಮೆಂಟು ಗಟ್ಟಿಯಾಗುತ್ತದೆಂದು, ಕೂರಲು ಮಣೆ ತೋರಿಸಿ ಕೆಲಸ ಮುಂದುವರಿಸಿದಳು. ಅವಳ ಭುಜ ಏರಿಳಿಯುವ ರೀತಿ, ಉಸಿರು ಬಿಗಿಹಿಡಿದು ಕರಣಿ ಎಳೆಯುವ ರೀತಿ, ಎಲ್ಲ ಅವ್ವನದೇ. ನನ್ನ ಮೂಗು ಅವ್ವನ ಹಾಗಿದೆ ಎನ್ನುತ್ತಾರೆ. ಮೂಗನ್ನು ಇಟ್ಟುಕೊಂಡು ಏನು ಮಾಡಲಿ? ಅವ್ವ ಬದುಕಿದ್ದದ್ದು ಕೈಯಲ್ಲಿ.

"ಅವ್ವ ಎಲ್ಲಾ ನಿನಗ ಕೊಟ್ಟು ಹೋದ್ಲು ನಿಂಗಿ," ಎಂದೆ. ಎಷ್ಟು ತಡೆದರೂ ದನಿ ಕಹಿಯಾಯಿತು.

ಅವಳು ಕರಣಿ ಕೆಳಗಿಟ್ಟಳು. ನನ್ನ ಪಕ್ಕದ ಕಟ್ಟೆಯ ಮೇಲೆ ಕೂತಳು.

"ಸುಮಕ್ಕಾ, ನಿನ್ನ ಮ್ಯಾಲ ನನಗೇನು ಕಮ್ಮಿ ಹೊಟ್ಟಿಕಿಚ್ಚಿತ್ತಂತ ತಿಳದಿ? ಒಮ್ಮಿ ಕಾಕು ನಮ್ಮನಿ ಗ್ವಾಡಿಗೆ ಸುಣ್ಣ ಹಚ್ಚಾಕತ್ತಿದ್ಲು. ನಾ ನಿಚ್ಚಣಿಕಿ ಹಿಡದು ನಿಂತಿದ್ದೆ. ಬಾಯಿ ತಪ್ಪಿ 'ಅವ್ವಾ' ಅಂದ್ಬಿಟ್ಟೆ. ಕಾಕು ಕೆಳಗಿಳದು ಬಂದು, ಕೈ ತೊಳಕೊಂಡು, ನನ್ನ ಗಲ್ಲ ಹಿಡದು ಹೇಳಿದ್ಲು, 'ಮನಿ ಸರಿ ಮಾಡಿಕೊಡ್ತೇನಿ, ಕೆಲಸ ಕಲಸ್ತೇನಿ, ಹಸದ್ರ ಉಣ್ಣಾಕ ಹಾಕ್ತೇನಿ. ಅವ್ವ ಅಂತ ಮಾತ್ರ ಕರೀಬ್ಯಾಡವ್ವಾ. ಅದು ನಮ್ಮ ಸುಮೀದು. ಅದೊಂದಾದ್ರೂ ಆಕಿ ಒಬ್ಬಾಕೀದ ಇರ್ಲಿ.' ಅವತ್ತಿಂದ ಕಡೀತನಾ ಕಾಕು ಅಂತನ ಕರದೇನಿ. ನೀ ಸಾಲಿಯಿಂದ ಬರ್ತಾ ಓಣಿ ತುಂಬಾ 'ಅವ್ವಾ, ಅವ್ವಾ' ಅಂತ ಒದರ್ತಿದ್ದಿಯಲ್ಲಾ, ಆಗ ನಾ ಕಿವಿ ಮುಚ್ಚಿಕೊಂತಿದ್ದೆ."

ಕೇಳಿದೊಡನೆ ನನಗಾದದ್ದು ಸಂತೋಷವೇ, ಸುಳ್ಳು ಹೇಳಲಾರೆ. ಇಷ್ಟು ವರ್ಷ ಯಾರೂ ಹೇಳದೆ ಮುಚ್ಚಿಟ್ಟಿದ್ದ ನನ್ನ ಪಾಲನ್ನು ಯಾರೋ ಉಡಿಗೆ ಹಾಕಿದಂತಾಯಿತು. ಆದರೆ ಅದನ್ನು ಹಾಕಿದವಳು ನಿಂಗಿ. ಅವಳು ನೆಲ ನೋಡುತ್ತ, ಉಗುರಿನ ಸಂದಿಯ ಸಿಮೆಂಟು ತೆಗೆಯುತ್ತ ಕೂತಿದ್ದಳು. ಇನ್ನು ಮುಂದೆ ನೀನೂ ಅವ್ವ ಅಂತಲೇ ಕರಿ ಎಂದು ಹೇಳಲು ನಾನು ಬಾಯಿ ತೆರೆದೆ. ಕರೆದರೆ ಓಗೊಡುವವಳು ಎಲ್ಲಿದ್ದಳು? ಇಬ್ಬರೂ ಏನೂ ಕರೆಯದೆ ಹಾಗೆಯೇ ಕೂತೆವು, ಹಿತ್ತಲಿನ ಬಿಸಿಲು ಗೋಡೆ ಬಿಟ್ಟು ಹೋಗುವವರೆಗೆ.