ಡೀಸೆಲ್ ಕುಡಿಯದ ಟ್ಯಾಂಕು

ನನಗೆ ಯಾವುದನ್ನೂ ನಿಧಾನವಾಗಿ ತುಂಬಿಸಲು ಬರುವುದಿಲ್ಲ. ಚೀಲಕ್ಕೆ ರಾಗಿ ಸುರಿದರೆ ಅರ್ಧ ನೆಲಕ್ಕೆ, ಲೋಟಕ್ಕೆ ಮಜ್ಜಿಗೆ ಬಗ್ಗಿಸಿದರೆ ಅರ್ಧ ಪಂಚೆಗೆ. ತುಂಬಿಸುವುದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಎಂದೇ ನನಗೆ ತಿಳಿದಿರಲಿಲ್ಲ. ಮೇಲಿಂದ ಸುರಿ, ಕೆಳಗೆ ಹೋಗುತ್ತದೆ. ಹೋಗದಿದ್ದರೆ ಇನ್ನೂ ಜೋರಾಗಿ ಸುರಿ. ಹೋದ ವರ್ಷ ಒಂದು ಡೀಸೆಲ್ ಟ್ಯಾಂಕು ಸಿಗುವ ತನಕ ನನ್ನ ತಿಳುವಳಿಕೆ ಇಷ್ಟೇ ಇತ್ತು.

ಟ್ಯಾಂಕು ಇದ್ದದ್ದು ದೋಣಿಯ ಮೇಲೆ. ದಬ್ಬೇಘಟ್ಟದ ಕಡೆ ದೋಣಿ ಎಲ್ಲಿಂದ ಬಂತು ಎಂದು ನಗಬೇಡಿ. ನಾಲ್ಕು ಡಾಂಬರು ಡ್ರಮ್ಮು, ಮೇಲೆ ಸೀಳಿದ ತೆಂಗಿನ ದಿಮ್ಮಿ, ಅದರ ಮೇಲೆ ಡೀಸೆಲ್ ಇಂಜಿನ್ನು. ಕೆರೆಯ ನೀರು ದಿನ ದಿನ ಹಿಂದಕ್ಕೆ ಹೋಗುತ್ತಿತ್ತು, ದಡದಲ್ಲಿ ಇಟ್ಟ ಇಂಜಿನ್ನಿಗೆ ನೀರು ಎಟುಕುತ್ತಿರಲಿಲ್ಲ. ನಾಲೆ ಬರುತ್ತದೆ, ನಾಲೆ ಬರುತ್ತದೆ ಎಂದು ನಾನು ಚಡ್ಡಿ ಹಾಕುವಾಗಿನಿಂದ ಹೇಳುತ್ತಲೇ ಇದ್ದರು. ಅಣ್ಣ ಕಾಯಲಿಲ್ಲ. ನೀರು ಎಲ್ಲಿಗೆ ಹೋಗುತ್ತದೋ ಇಂಜಿನ್ನೂ ಅಲ್ಲಿಗೇ ಹೋಗಲಿ ಎಂದು ತೆಪ್ಪ ಕಟ್ಟಿದ. ಏರಿಯ ಮೇಲೆ ಹೋಗುವವರೆಲ್ಲ ಕೂಗುತ್ತಿದ್ದರು.

"ಏನ್ಲಾ, ಹಡಗು ಎಲ್ಲಿಗ್ ಹೊಂಟೈತೆ?"

"ನಿಮ್ಮತ್ತೆ ಮನೆಗೆ ಕಣ್ಲಾ, ಹತ್ಕ," ಎನ್ನುತ್ತಿದ್ದ ಅಣ್ಣ.

ಕೆರೆಯ ಆಚೆ ದಿಣ್ಣೆಯಲ್ಲಿ ಅಣ್ಣ, ಅತ್ತಿಗೆ ಇಬ್ಬರೇ ಸೇರಿ ತೆಂಗಿನ ಸಸಿ ನೆಟ್ಟಿದ್ದರು. ಮದುವೆಯಾದ ಹೊಸದು. ಅವನು ಗುಂಡಿ ತೋಡುವುದು, ಇವಳು ಮಣ್ಣು ಎಳೆಯುವುದು. ನಾನು ಹೋದರೆ "ನೀನ್ಯಾಕ್ ಬಂದೆ, ಹೋಗ್ಲಾ" ಎಂದು ಅಟ್ಟುತ್ತಿದ್ದ. ನೆಡುವ ಕೆಲಸಕ್ಕೆ ಇನ್ನೊಂದು ಕೈ ಬೇಡ ಎನ್ನುವವನನ್ನು ನಾನು ಅವನೊಬ್ಬನನ್ನೇ ನೋಡಿದ್ದು. ಆ ಸಸಿಗಳಿಗಾಗಿಯೇ ತೆಪ್ಪ, ಆ ತೆಪ್ಪಕ್ಕಾಗಿಯೇ ಟ್ಯಾಂಕು. ಇಂಜಿನ್ನಿನ ಹಳೆಯ ಟ್ಯಾಂಕು ತುಕ್ಕು ಹಿಡಿದಿತ್ತು. ತಿಪಟೂರಿನಲ್ಲಿ ತಗಡಿನ ಕೆಲಸದವರ ಹತ್ತಿರ ಹೊಸದು ಮಾಡಿಸಿ ತಂದ. ತೆಪ್ಪ ಅಲ್ಲಾಡಿದರೆ ಡೀಸೆಲ್ ತುಳುಕಬಾರದು ಎಂದು ಅದಕ್ಕೆ ಉದ್ದ ಕತ್ತು, ಸಣ್ಣ ಬಾಯಿ.

ಆಯುಧಪೂಜೆಯನ್ನು ಅವನೇ ಮಾಡಿದ. ದೀಪಾವಳಿಗೆ ಅವನಿರಲಿಲ್ಲ. ಕಾಮಾಲೆ ಬಂತು, ಹೋದ. ಇದನ್ನು ಇನ್ನೂ ಉದ್ದಕ್ಕೆ ಹೇಳಲು ನನಗೆ ಬರುವುದಿಲ್ಲ.

ಇಂಜಿನ್ನು ನನ್ನ ಕೈಗೆ ಬಂತು. ಮೊದಮೊದಲು ಓಡಿತು. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಟ್ಯಾಂಕು ಹಟ ಹಿಡಿಯಿತು. ಲಾಳಿಕೆ ಇಟ್ಟು ಡೀಸೆಲ್ ಬಗ್ಗಿಸಿದರೆ ಒಂದು ಗುಟುಕು ಕುಡಿದು ಗುಳಗುಳ ಎನ್ನುವುದು, ಆಮೇಲೆ ಥೂ ಎಂದು ಮುಖಕ್ಕೆ ಉಗಿಯುವುದು. ಹಸುಗೂಸಿಗೆ ಕಷಾಯ ಕುಡಿಸಿದ ಹಾಗೆ. ಹೇಗೋ ತುಂಬಿಸಿ ಬಿರಡೆ ಬಿಗಿದು ಹ್ಯಾಂಡಲ್ ಹೊಡೆದರೆ ಇಂಜಿನ್ನು ಸ್ವಲ್ಪ ಹೊತ್ತು ಓಡಿ ನಿಂತುಬಿಡುವುದು. ಬಿರಡೆ ತೆಗೆದರೆ ಸುಯ್ ಎಂದು ಉಸಿರೆಳೆಯುವುದು. ನಾನು ಅದನ್ನು ಬೈದೆ. ಒದ್ದೆ. ಒದ್ದ ರಭಸಕ್ಕೆ ಒಂದು ಸಲ ನಾನೇ ನೀರಿಗೆ ಬಿದ್ದೆ. ಡೀಸೆಲ್ ಮೈ, ಕೆಸರು ಕಾಲು. ಏರಿಯ ಮೇಲೆ ಇದ್ದವರಿಗೆ ಆವತ್ತು ಹಬ್ಬ.

ಬುದ್ಧಿ ಹೇಳುವವರಿಗೇನೂ ಬರವಿಲ್ಲ. ಲಾಳಿಕೆ ದೊಡ್ಡದು ತಾ ಎಂದರು, ತಂದು ನೋಡಿದೆ. ಚಿಕ್ಕದು ತಾ ಎಂದರು, ತಂದೆ. ಡೀಸೆಲ್ ಸೋಸು ಎಂದರು, ಅವ್ವನ ಹಳೆಯ ಸೀರೆ ಹರಿದು ಸೋಸಿದೆ. ತುರುವೇಕೆರೆಯಿಂದ ಇಂಜಿನ್ ಮೇಸ್ತ್ರಿಯನ್ನು ಕರೆತಂದೆ. ಅವರು ದಡದಲ್ಲೇ ನಿಂತರು.

"ನಂಗೆ ಈಜು ಬರಲ್ಲ ಕಣಪ್ಪ. ಇಂಜಿನ್ನ ಇಲ್ಲಿಗ್ ತಾ."

"ಅದನ್ನ ಹೊತ್ಕಂಡ್ ಬರೋಕಾಗಿದ್ರೆ ನೀರನ್ನೇ ಹೊತ್ಕಂಡ್ ಹೋಗ್ತಿದ್ದೆ ಬುಡಿ," ಅಂದೆ.

ಅವರು ಮುಖ ಊದಿಸಿಕೊಂಡು ಹೋದರು. ನನ್ನ ಮಾತಿಗೆ ಹೀಗೆ ಜನ ಹೋಗುತ್ತಲೇ ಇರುತ್ತಾರೆ.

ಮನೆಯಲ್ಲಿ ಅವ್ವನದು ಬೇರೆಯೇ ಲೆಕ್ಕಾಚಾರ. ಮೊದಲು, "ಅದು ಅವನ ಕೈ ಕಾಯ್ತೈತೆ ಕಣ್ಲಾ, ನಿನ್ ಕೈಲಿ ಕುಡಿಯಲ್ಲ" ಎನ್ನುತ್ತಿದ್ದಳು. ಅದನ್ನು ನಾನು ಸಹಿಸಿಕೊಂಡೆ. ಆದರೆ ದಿಣ್ಣೆಯ ಸಸಿಗಳ ಗರಿ ಕೆಂಪಗಾಗುತ್ತಾ ಬಂದ ಹಾಗೆ ಅವಳ ಮಾತು ತಿರುಗಿತು. "ಕಾಲ್ಗುಣ. ಗಂಡನ್ನ ತಿಂತು. ಅವ್ನು ನೆಟ್ಟಿದ್ದನ್ನೂ ತಿಂತೈತೆ." ಅತ್ತಿಗೆ ಬಾಗಿಲ ಹಿಂದೆಯೇ ಇದ್ದಳು. ಅವಳಿಗೆ ಕೇಳಲಿ ಎಂದೇ ಆಡಿದ ಮಾತು. ಮಾರನೆಯ ದಿನ ಅವ್ವ ಹುಳಿಯಾರಿಗೆ ಹೇಳಿ ಕಳಿಸಿದಳು, ಅತ್ತಿಗೆಯ ಅಣ್ಣ ಬಂದು ತಂಗಿಯನ್ನು ಕರೆದುಕೊಂಡು ಹೋಗಲಿ ಎಂದು.

ಹಿತ್ತಲಲ್ಲಿ ಅತ್ತಿಗೆ ನನ್ನನ್ನು ನಿಲ್ಲಿಸಿ ಕೇಳಿದಳು. "ರಂಗಪ್ಪ, ಇಂಜಿನ್ನು ಓಡಿದ್ರೆ ನಾನ್ ಇಲ್ಲೇ ಇರಬೋದಾ?"

"ಇಂಜಿನ್ನಿಗೂ ನಿಂಗೂ ಏನ್ ಸಂಬಂಧ ಅತ್ಗೆಮ್ಮ? ಅದು ಕಬ್ಬಿಣ."

"ಸಸಿ ಒಣಗ್ತಾವಲ್ಲ," ಅಂದಳು. ಅಷ್ಟೇ. ಅವಳು ತವರಿಗೆ ಹೆದರಿದ್ದಲ್ಲ. ಆ ದಿಣ್ಣೆಯನ್ನು ಬಿಟ್ಟು ಹೋಗಲು ಅವಳಿಗೆ ಆಗುತ್ತಿರಲಿಲ್ಲ. ಅಣ್ಣ ಹೋದ ಮೇಲೆ ಅವಳು ನಾಲ್ಕು ಜನರ ಎದುರು ಅತ್ತದ್ದನ್ನೂ ನಾನು ನೋಡಿರಲಿಲ್ಲ. ಊರವರು ಅದಕ್ಕೂ ಒಂದು ಮಾತು ಆಡಿದ್ದರು.

ಇಲ್ಲಿ ನನ್ನ ವಿದ್ಯೆಯ ಬಗ್ಗೆ ಸ್ವಲ್ಪ ಹೇಳಬೇಕು, ಇರುವುದೂ ಸ್ವಲ್ಪವೇ. ಇಸ್ಕೂಲಿನಲ್ಲಿ ಮೇಷ್ಟ್ರು ಒಂದು ಗಾಜಿನ ಲೋಟವನ್ನು ಬೋರಲು ಹಾಕಿ ಬಕೆಟ್ಟಿನ ನೀರಿಗೆ ಅದುಮಿದ್ದರು. ಒಳಗೆ ನೀರು ಹೋಗಲಿಲ್ಲ. "ಯಾಕ್ ಹೋಗ್ಲಿಲ್ಲ ಹೇಳೋ?" ಎಂದು ನನ್ನನ್ನು ಕೇಳಿದರು. "ನೀವು ಬೋರಲು ಹಾಕಿದ್ರಲ್ಲ ಸಾರ್, ಅದಕ್ಕೆ" ಅಂದೆ. ಬೆನ್ನಿಗೆ ಬಿತ್ತು. ಏಟು ಈಗಲೂ ನೆನಪಿದೆ, ಪಾಠ ನೆನಪಿರಲಿಲ್ಲ. ಕೆರೆಗೆ ಅದ್ದಿದ ಬಿಂದಿಗೆ ಗುಳುಗುಳು ಎನ್ನುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅದು ನೀರು ಒಳಗೆ ಹೋಗುವ ಸದ್ದು ಎಂದುಕೊಂಡಿದ್ದೆ. ಗಾಳಿ ಹೊರಗೆ ಬರುವ ಸದ್ದು ಎಂದು ಹೊಳೆದಿರಲಿಲ್ಲ. ಖಾಲಿ ಎನ್ನುವುದು ಖಾಲಿಯಲ್ಲ. ಒಳಗೆ ಮೊದಲೇ ಒಬ್ಬರು ಕೂತಿರುತ್ತಾರೆ. ಅವರು ಎದ್ದು ಹೋಗಲು ದಾರಿ ಬಿಡದೆ ಇನ್ನೊಬ್ಬರನ್ನು ನುಗ್ಗಿಸಿದರೆ ಜಗಳವಾಗದೆ ಏನಾಗುತ್ತದೆ?

ಇದೆಲ್ಲ ತಿಳಿದದ್ದು ನಾನು ರೇಗಿ, ನಲ್ಲಿ ಮುಚ್ಚಿ ಟ್ಯಾಂಕನ್ನೇ ಬಿಚ್ಚಿ ಮನೆಗೆ ಹೊತ್ತು ತಂದ ದಿನ. ಅವ್ವ ಅಂಗಳದಲ್ಲಿ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದಳು. ಅತ್ತಿಗೆಗೆ ಲಾಳಿಕೆ ಹಿಡಿಯಲು ಹೇಳಿ ಡೀಸೆಲ್ ಬಗ್ಗಿಸಿದೆ. ಉಗಿಯಿತು. ಲಾಳಿಕೆ ಎಸೆದು ಆ ಸಣ್ಣ ಬಾಯಿಗೆ ನನ್ನ ಬಾಯಿ ಇಟ್ಟು ಊದಿದೆ. ಕೆನ್ನೆ ಉಬ್ಬಿತೇ ಹೊರತು ಗಾಳಿ ಎಲ್ಲಿಂದಲೂ ಹೊರಗೆ ಬರಲಿಲ್ಲ. ಗಾಳಿ ಆಡಲು ಟ್ಯಾಂಕಿಗೆ ಇನ್ನೊಂದು ತೂತು ಇರಲೇಬೇಕಲ್ಲ ಎಂದು ಆಗ ಹೊಳೆಯಿತು. ತಿರುಗಿಸಿ ನೋಡಿದೆ. ಕತ್ತಿನ ಮುಂದೆ, ಸರಿಯಾಗಿ ನಡುವೆ, ಬೆಸುಗೆ ಹಾಕಿದ ಒಂದು ಸಣ್ಣ ಉಬ್ಬು. ಅದರ ಸುತ್ತ ಕೆಂಪು. ಆ ಕೆಂಪನ್ನು ನಾನು ದಿನವೂ ನೋಡುತ್ತಿದ್ದೆ. ಆಯುಧಪೂಜೆಯ ಕುಂಕುಮ ಎಣ್ಣೆ ಹೀರಿ ಕೂತಿದೆ, ಒರೆಸಿದಷ್ಟೂ ಬಿಡುತ್ತಿದೆ ಎಂದುಕೊಂಡು ದಿನವೂ ಬಟ್ಟೆಯಲ್ಲಿ ತಿಕ್ಕುತ್ತಿದ್ದೆ. ಪೂಜೆಯಾಗಿ ಅಷ್ಟು ತಿಂಗಳಾದರೂ ಕುಂಕುಮ ಹೇಗೆ ಹೊಸದಾಗಿದೆ ಎಂದು ಕೇಳಿಕೊಳ್ಳುವಷ್ಟು ತಲೆ ನನಗಿಲ್ಲ.

ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕಿತ್ತು ಉಬ್ಬಿನ ನಡುವೆ ಚುಚ್ಚಿದೆ. ಒಳಗೆ ಇಳಿಯಿತು. ಈಚೆಗೆ ತೆಗೆದಾಗ ತುದಿಯಲ್ಲಿ ಕೆಂಪು ಜಿಡ್ಡು. ಮತ್ತೆ ಊದಿದೆ, ಸುಯ್ಯೆಂದು ಗಾಳಿ ಬಂತು. ಡೀಸೆಲ್ ಬಗ್ಗಿಸಿದೆ. ಗಟಗಟ ಕುಡಿಯಿತು.

"ಪೂಜೆ ಕುಂಕುಮ ಇನ್ನೂ ಹೋಗಿಲ್ಲ ನೋಡು," ಅಂದೆ.

"ಪೂಜೇದಲ್ಲ," ಅಂದಳು ಅತ್ತಿಗೆ. "ನಾನ್ ಇಕ್ಕಿದ್ದು."

ಅವ್ವನ ಕತ್ತಿ ನಿಂತಿತು. "ಏನ್ ಇಕ್ಕಿದ್ದು?"

"ಬೊಟ್ಟು ಅತ್ತೆಮ್ಮ. ದಿನಾ ಬಟ್ಟೆ ಒಗಿಯಾಕೆ ಹೋದಾಗ ಸೊಂಟದ್ ಮಟ ನೀರಿಗಿಳ್ದು ಇಕ್ಕಿ ಬತ್ತಿದ್ದೆ. ಕುಂಕುಮ ಭರಣೀಲಿ ಉಳಿದಿತ್ತು. ನಾನು ಇಕ್ಕಳಂಗಿಲ್ಲ. ಚೆಲ್ಲಾಕೆ ಮನಸ್ ಬರ್ನಿಲ್ಲ. ಅವರು ದಿನಾ ಮುಟ್ತಿದ್ದಿದ್ದು ಆ ಟ್ಯಾಂಕನ್ನೇ. ಆ ಉಬ್ಬು ಹಣೆ ಇದ್ದಂಗಿತ್ತು."

ಸಸಿ ಒಣಗಿಸಿದ್ದು ನಿಜವಾಗಿಯೂ ಇವಳ ಕೈಯೇ ಎನ್ನುವ ಮಾತನ್ನು ಅವ್ವನ ಬಾಯಿಗೆ ನಾನೇ ಕಡ್ಡಿಯ ತುದಿಯಲ್ಲಿ ಎತ್ತಿ ಕೊಟ್ಟಿದ್ದೆ.

"ಅತ್ಗೆಮ್ಮ ಇಕ್ಕಿದ್ದು ಬರೀ ಬೊಟ್ಟು," ಅಂದೆ. "ತೂತಿಗೆ ತುರುಕಿದೋನು ನಾನು. ತಿಕ್ಕಿ ತಿಕ್ಕಿ."

ಅವ್ವ ನನ್ನ ಕಡೆ ನೋಡಲೇ ಇಲ್ಲ. ಮಡಿಲಿನ ಕೊಬ್ಬರಿ ಚೂರು ಕೊಡವಿದಳು. ಅಪ್ಪ ಹೋದಾಗ ನಾನು ತೊಟ್ಟಿಲಲ್ಲಿದ್ದೆನಂತೆ. ಆ ದಿನದ ಒಂದು ಮಾತನ್ನೂ ಅವ್ವ ನಮಗೆ ಹೇಳಿದವಳಲ್ಲ.

"ನಿಮ್ಮಾವ ಹೋದಾಗ ನನ್ ಭರಣೀನ ಇದೇ ಕೆರೆಗೆ ಎಸೆದ್ರು," ಅಂದಳು. "ನಾನ್ ಎಸೀನಿಲ್ಲ. ಕಿತ್ಕಂಡು ಎಸೆದ್ರು."

ಕೋಳಿಯೊಂದು ಬಂದು ಕೊಬ್ಬರಿ ಚೂರು ಕುಕ್ಕಿತು, ಅದನ್ನು ಅಟ್ಟಲೂ ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಅವ್ವನೇ, "ಇನ್ಮ್ಯಾಕೆ ಪಕ್ಕಕ್ಕಿಕ್ಕು. ತೂತಿನ್ ಮ್ಯಾಲೆ ಬ್ಯಾಡ" ಎಂದು ಹೇಳಿ ಚಿಪ್ಪು ಒಡೆಯುವುದಕ್ಕೆ ತಿರುಗಿದಳು.

ಆ ವಾರವೇ ಅತ್ತಿಗೆಯ ಅಣ್ಣ ಹುಳಿಯಾರಿನಿಂದ ಬಂದ. ಒಳ್ಳೆಯವನು, ತಂಗಿಯ ಬಟ್ಟೆಬರೆಗೆಂದು ಖಾಲಿ ಚೀಲ ತಂದಿದ್ದ. ಅವ್ವ ಕಾಲಿಗೆ ನೀರು ಕೊಟ್ಟಳು.

"ಹೇಳಿ ಕಳ್ಸಿದ್ರಲ್ಲ, ಕರ್ಕಂಡ್ ಹೋಗಾಣ ಅಂತ ಬಂದೆ," ಎಂದ ಅವನು.

"ಅವ್ಳನ್ನ ಕರ್ಕಂಡ್ ಹೋದ್ರೆ ದಿಣ್ಣೆ ಸಸಿಗೆ ನೀರು ನೀನು ಕಟ್ತೀಯಾ? ಕಟ್ಟೋದಾದ್ರೆ ನೀನೇ ಇರಪ್ಪ, ನಮಗೂ ಆಳು ಬೇಕು," ಅಂದಳು ಅವ್ವ.

ಅವನು ನನ್ನ ಮುಖ ನೋಡಿದ. ನಾನು ಸೂರಿನ ಕಡೆ ನೋಡಿದೆ. ಮಧ್ಯಾಹ್ನ ಉಂಡು, ಆ ಚೀಲದಲ್ಲಿ ತೆಂಗಿನಕಾಯಿ ತುಂಬಿಕೊಂಡು ಬಸ್ಸು ಹತ್ತಿದ.

ಅವನನ್ನು ಹತ್ತಿಸಿ ಬಂದಾಗ ಅಡುಗೆಮನೆಯಿಂದ ಸದ್ದು ಬರುತ್ತಿತ್ತು. ಅತ್ತಿಗೆ ಅಳುತ್ತಿದ್ದಳು. ಸೆರಗು ಬಾಯಿಗೆ ಇಟ್ಟುಕೊಂಡು ಅಳುವ ಅಳು ಅಲ್ಲ, ಬೀದಿಗೆ ಕೇಳುವ ಅಳು. ನಾನು ಒಳಗೆ ಹೋಗಲು ಹೊರಟರೆ ಅವ್ವ ಕೈಸನ್ನೆ ಮಾಡಿ ಕೂರಿಸಿದಳು. ಪಕ್ಕದ ಮನೆಯವರು ಬಂದು ಇಣುಕಿದರು, ಅವ್ವ ಅವರನ್ನೂ ಕಣ್ಣಲ್ಲೇ ವಾಪಸ್ಸು ಕಳಿಸಿದಳು. ಅಳು ತನ್ನ ಪಾಡಿಗೆ ತಾನೇ ಮುಗಿಯಿತು. ಆಮೇಲೆ ಮುದ್ದೆ ತೊಳಸುವ ಸದ್ದು ಬಂತು.

ಊಟಕ್ಕೆ ಕೂತೆವು. ಮುದ್ದೆಯ ತುಂಬ ಗಂಟು. ಹಸಿ ಹಿಟ್ಟು ಬಾಯಿಗೆ ಸಿಗುತ್ತಿತ್ತು. ಅವ್ವ ಮುದ್ದೆಯ ವಿಷಯದಲ್ಲಿ ಯಾರನ್ನೂ ಬಿಟ್ಟವಳಲ್ಲ. ಅವಳು ಏನನ್ನುತ್ತಾಳೋ ಎಂದು ನಾನು ತಲೆ ತಗ್ಗಿಸಿ ಕೂತೆ. ಅವ್ವ ಗಂಟುಗಳ ಸಮೇತ ನುಂಗಿ ಮುಗಿಸಿ, ತಣಿಗೆಯನ್ನು ಅತ್ತಿಗೆಯ ಕಡೆ ತಳ್ಳಿದಳು.

"ಇನ್ನರ್ಧ ಇಕ್ಕು," ಅಂದಳು.