ಅಜ್ಜಿಯ ಎಡೆಗೆ ಮೊದಲ ಸೌಟು

"ಮೊದ್ಲು ನಮ್ಮಪ್ಪನ ಎಡೆಗೆ ಬಡ್ಸಮ್ಮ. ಹೆಂಗಸ್ರದ್ದು ಆಮೇಲೆ!" ಎಂದು ದೊಡ್ಡಪ್ಪ ಗದರಿದರು. ಅವ್ವನ ಕೈಯಲ್ಲಿದ್ದ ಕೋಳಿಸಾರಿನ ಸೌಟು, ಆ ವರ್ಷವಷ್ಟೇ ತೀರಿಕೊಂಡ ನನ್ನ ಅಜ್ಜಿಯ ಎಲೆಯ ಮೇಲಿತ್ತು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಕುಶಾಲನಗರದ ಹತ್ತಿರದ ನಮ್ಮ ಮನೆಯಲ್ಲಿ ಅಂದು ಹಿರಿಯರ ಹಬ್ಬ. ತೀರಿಕೊಂಡವರಿಗೆ ಹೊಸ ಬಟ್ಟೆಯಿಟ್ಟು, ಅವರಿಗಿಷ್ಟವಾದದ್ದನ್ನು ಎಲೆಗೆ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಕಾಯಬೇಕು. ಅಜ್ಜಿಗೆ ಏನಿಷ್ಟವೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಕೋಳಿಯ ಕತ್ತು, ತಳದ ಸಾರು ಅವಳ ಪಾಲಿಗೆ ಉಳಿಯುತ್ತಿತ್ತು, ಅಷ್ಟೆ.

ಅವ್ವ ಅಲ್ಲಿಯವರೆಗೆ ದೊಡ್ಡಪ್ಪನೆದುರು ದನಿ ಎತ್ತಿದವಳಲ್ಲ. ಅಂದು ತೊಡೆಯ ತುಂಡನ್ನು ಅಜ್ಜಿಯ ಎಲೆಗೇ ಹಾಕಿ, "ಬದ್ಕಿರೋಗಂಟ ಅತ್ತೆ ಕಡೇಲಿ ಉಂಡ್ರು ಬಾವ. ಸತ್ಮೇಲೂ ಕಡೇಲೇ ಉಣ್ಬೇಕಾ?" ಎಂದಳು. ಎಲ್ಲ ಎಲೆಗೂ ಬಡಿಸಿಯಾದ ಮೇಲೆ ದೊಡ್ಡಪ್ಪ ತಾವೇ ಹೋಗಿ ಮೆಲ್ಲಗೆ ಬಾಗಿಲು ಮುಚ್ಚಿದರು.

ಈಗ ನಾನೇ ಅಜ್ಜಿ. ಮೊದಲ ಸೌಟಿಗಾಗಿ ಸಾಯುವವರೆಗೆ ಕಾಯುವವಳು ನಾನಲ್ಲ. ಹಬ್ಬದ ದಿನ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಕೊಂಡು ಕೂತು, ತೊಡೆಯ ತುಂಡನ್ನು ಕೇಳಿ ಹಾಕಿಸಿಕೊಳ್ಳುತ್ತೇನೆ.