ಏರ್ಕಾಡ್ ಬಸ್ಸಿನ ಕಿಟಕಿಯಲ್ಲಿ ಆಡಿದ ಮಾತು

ಡೀಸೆಲ್ ಹೊಗೆಯ ಜೊತೆ ನಿಂಬೆಹಣ್ಣಿನ ವಾಸನೆ ಬೆರೆತು ಬಂದರೆ ನಾನು ಇವತ್ತಿಗೂ ಮುಖ ತಿರುಗಿಸಿಕೊಳ್ಳುತ್ತೇನೆ. ಏರ್ಕಾಡ್ ಘಟ್ಟ ಹತ್ತುವ ಬಸ್ಸಿನಲ್ಲಿ ವಾಂತಿಯಾಗದಿರಲೆಂದು ಅವ್ವ ನಮ್ಮ ಮೂಗಿಗೆ ಹಿಡಿಯುತ್ತಿದ್ದ ನಿಂಬೆಹಣ್ಣು ಅದು. ತೊಂಬತ್ತರ ದಶಕದ ಮೊದಲಲ್ಲಿ ಪೆನ್ನಾಗರಂ ಕಡೆಯ ನಮ್ಮ ಹಟ್ಟಿ, ಕುರಿ, ಹೊಲ ಎಲ್ಲ ಬಿಟ್ಟು ಸೇಲಂನಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಅಪ್ಪನಿಗೆ ಭಾನುವಾರದ ಹುಚ್ಚು ಹತ್ತಿತು. ಅವನ ಕಚೇರಿಯ ಗುಮಾಸ್ತರೆಲ್ಲ ಹೆಂಡತಿ ಮಕ್ಕಳನ್ನು ಔಟಿಂಗ್ ಕರೆದುಕೊಂಡು ಹೋಗುತ್ತಾರಂತೆ, ನಾವೇನು ಕಡಿಮೆ? ತಾರಮಂಗಲದ ಗುಡಿಯಲ್ಲಿ ನಮ್ಮನ್ನು ಕಂಬದ ಮುಂದೆ ನಿಲ್ಲಿಸಿ, ಹಿಂದಿನ ದಿನ ಯಾರೋ ಹೇಳಿದ್ದನ್ನು ತಾನೇ ಕಂಡುಹಿಡಿದವನಂತೆ ಒಪ್ಪಿಸುತ್ತಿದ್ದ. ಹೊಗೆನಕಲ್ ನಮ್ಮ ಹಟ್ಟಿಗೆ ಕೂಗಳತೆಯ ಜಾಗ. ಅಲ್ಲಿಯೂ ಕರಿ ಕನ್ನಡಕ ಏರಿಸಿಕೊಂಡು, ಪರಸ್ಥಳದವನ ಹಾಗೆ, ಹರಿಗೋಲಿನವನನ್ನು ತಮಿಳಿನಲ್ಲಿ ಹೊಳೆಯ ಆಳ ಕೇಳಿದ. ಹರಿಗೋಲಿನವನು ನಮ್ಮ ಅಜ್ಜಿಯತ್ತ ತಿರುಗಿ, "ನಿಮ್ಮವ್ವುನ್ನೇ ಕೇಳು ಸೋಮಿ, ಇಲ್ಲೇ ಕುರಿ ನೀರಿಗ್ ಬಿಟ್ಟೋರು, ಗೊತ್ತೈತೆ" ಅಂದ. ಅವತ್ತು ಮೀನು ತಿನ್ನುವಾಗಲೂ ಅಪ್ಪನ ಮುಖ ಗಂಟಿಕ್ಕಿಕೊಂಡೇ ಇತ್ತು.

ಆ ಭಾನುವಾರಗಳಿಗೆ ಅಪ್ಪ ಮಾಡಿದ್ದ ಕಾನೂನು ಒಂದೇ: ಹೊಸಿಲು ದಾಟಿದ ಮೇಲೆ ಕನ್ನಡ ಬಾಯಿಂದ ಬೀಳಕೂಡದು. ಎಂಥ ಸಣ್ಣತನ! ಮನೆಯೊಳಗೆ ಬೈಯುವುದು, ಅಳುವುದು, ದೇವರಿಗೆ ಕೈಮುಗಿಯುವುದು ಎಲ್ಲ ಕನ್ನಡದಲ್ಲಿ, ಬೀದಿಗಿಳಿದರೆ ಹುಟ್ಟುವಾಗಲೇ ತಮಿಳು ಕಲಿತು ಬಂದವರ ಬಿಂಕ. ತಮ್ಮನಿಗೆ, ನನಗೆ, ಅವ್ವನಿಗೆ ಈ ನಾಟಕ ಸುಲಭವಾಗಿ ಒಗ್ಗಿತು. ಒಗ್ಗದೆ ಉಳಿದವಳು ಅಜ್ಜಿ, ಅಪ್ಪನ ತಾಯಿ. ತಮಿಳು ಕೇಳಿದರೆ ಅರ್ಧಂಬರ್ಧ ತಿಳಿಯುತ್ತಿತ್ತು, ನಾಲಿಗೆಗೆ ಮಾತ್ರ ಕನ್ನಡ ಬಿಟ್ಟು ಬೇರೆ ಹೊರಳುತ್ತಿರಲಿಲ್ಲ. ಹೋದಲ್ಲೆಲ್ಲ ಹೆಗಲ ಮೇಲೆ ಕರಿ ಕಂಬಳಿ. ಸೇಲಂನ ಆ ಮನೆಯಲ್ಲಿ ರಾಗಿ ಹುರಿದ ವಾಸನೆ, ಕಂಬಳಿಯ ಉಣ್ಣೆಯ ವಾಸನೆ, ಅಜ್ಜಿಯ ಎಲೆಯಡಿಕೆಯ ವಾಸನೆ ಸೇರಿ ಒಂದು ಬೆಚ್ಚನೆಯ ಗಾಳಿ ಇರುತ್ತಿತ್ತು. ನಾನು ಆ ಕಂಬಳಿಯೊಳಗೇ ಮಲಗಿ ಬೆಳೆದವಳು. ಆದರೂ ಹದಿಮೂರು ತುಂಬುವ ಹೊತ್ತಿಗೆ, ಶಾಲೆಯ ಗೆಳತಿಯರು ಬಂದರೆ ಅದನ್ನು ಮಡಚಿ ಮಂಚದಡಿ ತಳ್ಳುತ್ತಿದ್ದೆ. ಅಪ್ಪನನ್ನು ಹೀಗೆ ಆಡಿಕೊಳ್ಳುತ್ತಿದ್ದೇನಲ್ಲ, ನಾನು ಅವನ ಮಗಳೇ.

ಆ ದಿನ ಏರ್ಕಾಡಿನಿಂದ ಇಳಿಯುವ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಅಪ್ಪ ಕಿಟಕಿಯಿಂದ ಟವೆಲ್ ಎಸೆದು ಹಿಂದೆ ಮೂರು ಸೀಟು, ಮುಂದಿನ ಬಾಗಿಲ ಹತ್ತಿರ ನನಗೂ ಅಜ್ಜಿಗೂ ಎರಡು ಸೀಟು ಹಿಡಿದು, ಅವ್ವ ತಮ್ಮನ ಜೊತೆ ಹಿಂದೆ ಹೋಗಿ ಕೂತ. ನಾನು ನುಗ್ಗಿ ಕಿಟಕಿಯ ಪಕ್ಕ ಕೂತೆ. ಅಜ್ಜಿ ಕೆಳಗೇ ಉಳಿದಳು. ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದು, "ಪಾಟ್ಟಿ, ಕೂಡ ಯಾರ್ ವಂದಿರುಕ್ಕಾ?" ಎಂದು, ಜೊತೆಗೆ ಯಾರಿದ್ದಾರೆಂದು ಕೇಳಿದ. ಅಜ್ಜಿ ನನ್ನ ಕಿಟಕಿಯತ್ತ ಕೈ ಮಾಡಿ, "ಇಲ್ಲೇ! ಇಲ್ಲೇ!" ಅಂದಳು. ನಮ್ಮ ಮಾತಿನಲ್ಲಿ ಅದು ಇಲ್ಲಿಯೇ ಇದ್ದಾರೆ ಅಂತ. ತಮಿಳಿನ ಕಿವಿಗೆ ಅದು ಇಲ್ಲ ಅಂತ. "ಯಾರುಮೇ ಇಲ್ಲೆಯಾ? ಅಪ್ಪೋ ಅಡುತ್ತ ಬಸ್ಸುಲ ವಾ" ಎಂದು, ಮುಂದಿನ ಬಸ್ಸಿಗೆ ಬರಲು ಹೇಳಿ ಅವನು ಆಕೆಯನ್ನು ಹಿಂದಕ್ಕೆ ಸರಿಸಿದ.

ನನಗೆ ಎರಡೂ ಭಾಷೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ಮುಂದಿನ ಸೀಟಿನಿಂದ ಒಂದು ತಲೆ ಹಿಂದಕ್ಕೆ ತಿರುಗಿತು. ನನ್ನ ಕ್ಲಾಸಿನ ಸುಧಾ, ಇಸ್ತ್ರಿ ಮಾಡಿದ ಫ್ರಾಕು ತೊಟ್ಟು ಅಪ್ಪ ಅಮ್ಮನ ಜೊತೆ ಬಂದಿದ್ದಳು. ಕಂಬಳಿಯ ಮುದುಕಿಯನ್ನು ನೋಡಿ, ನನ್ನನ್ನು ನೋಡಿ, "ಅದು ಒನ್ನೋಡ ಪಾಟ್ಟಿಯಾ?" ಅಂದಳು. ನಿನ್ನ ಅಜ್ಜಿಯಾ ಅಂತ.

"ಇಲ್ಲೇ" ಅಂದೆ. ತಮಿಳಿನಲ್ಲಿ. ಬೇಕಾದ್ದಕ್ಕಿಂತ ಜೋರಾಗಿಯೇ ಅಂದೆ.

ಎರಡನೆಯ ತಿರುವಿನಲ್ಲಿ ಅಪ್ಪ ಎದ್ದು ಮುಂದೆ ನೋಡಿದ. ನನ್ನ ಪಕ್ಕದ ಸೀಟಿನಲ್ಲಿ ಅಜ್ಜಿ ಇರಲಿಲ್ಲ. ಕೂಗಾಡಿ ಬಸ್ಸು ನಿಲ್ಲಿಸಿ, ಮುದುಕಿಯೇ 'ಇಲ್ಲೇ' ಅಂದಳೆಂಬ ಕಂಡಕ್ಟರನ ಗೊಣಗಾಟ ಕೇಳಿಸಿಕೊಂಡು, ನಮ್ಮನ್ನೆಲ್ಲ ಇಳಿಸಿ, ಮೇಲಕ್ಕೆ ನಡೆಸಿದ. ಗಾಬರಿಯಲ್ಲಿ ತಮಿಳು ಎಲ್ಲಿ ಹೋಯಿತೋ, ದಾರಿಯುದ್ದಕ್ಕೂ "ಅಯ್ಯೋ ನಮ್ಮವ್ವ, ನಮ್ಮವ್ವ" ಎನ್ನುತ್ತಿದ್ದ. ಅವನನ್ನು ನಾನು ಪೂರ್ತಿ ತಿರಸ್ಕರಿಸಲಾರದೆ ಹೋದದ್ದು ಆ ಒಂದು ಮೈಲಿಯಿಂದಾಗಿ.

ಅಜ್ಜಿ ನಿಂತಲ್ಲೇ ನಿಂತಿದ್ದಳು. ಕಂಡ ಕೂಡಲೇ ಅಪ್ಪ ರೇಗಿದ: "ಬಾಯ್ ಬಿಡಬ್ಯಾಡ ಅಂದಿರ್ನಿಲ್ವ? ಇಲ್ಲೇ ಅಂದ್ರೆ ಅವ್ನು ಯಾರೂ ಇಲ್ಲ ಅಂದ್ಕಂಡ!"

"ಬೈಬ್ಯಾಡ ಕಣ್ಲಾ" ಅಂದಳು ಅಜ್ಜಿ, ನನ್ನ ತಲೆ ಸವರುತ್ತಾ. "ಈ ಕೂಸೂ ಕಿಟ್ಕೀಲಿ 'ಇಲ್ಲೇ' ಅಂತ ಕೂಗ್ತು. ಪಾಪ, ಇದೂ ಕನ್ನಡ್ದಲ್ಲೇ ಕೂಗ್ತು ನೋಡು, ಅದ್ಕೇ ಅವ್ನಿಗೆ ತಿಳೀನಿಲ್ಲ."

ಆಮೇಲೆ ಔಟಿಂಗ್‌ಗೆ ಅಜ್ಜಿ ಬರಲಿಲ್ಲ, ನಾವೂ ಹೆಚ್ಚು ದಿನ ಹೋಗಲಿಲ್ಲ. ಆ ಮನೆ ಈಗಿಲ್ಲ, ಅಪ್ಪ ಇಲ್ಲ, ತಮ್ಮನ ಮಕ್ಕಳಿಗೆ ಕನ್ನಡ ಬರುವುದಿಲ್ಲ. ನಿಮ್ಮ ಮನೆಗಳಲ್ಲೂ ಹೀಗೇ ಆಗಿರಬೇಕು, ಯಾರಿಗೆ ಯಾರು ಹೇಳುವುದು. ಅಜ್ಜಿ ಮಾತ್ರ ಇದ್ದಷ್ಟು ದಿನವೂ, ಹಟ್ಟಿಯ ಹೆಂಗಸರು ಸಿಕ್ಕಾಗೆಲ್ಲ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳುತ್ತಿದ್ದಳು: "ಅಷ್ಟ್ ಜನದೊಳ್ಗೆ ನಂಗೋಸ್ಕರ ಕೂಗಿದ್ದು ಇವ್ಳೊಬ್ಳೇ ಕಣವ್ವಾ."

ನಾನು ಆಕೆ ಸುಲಿದುಕೊಟ್ಟ ಕಡಲೆಕಾಯಿ ಒಂದೊಂದೇ ತಿನ್ನುತ್ತಿದ್ದೆ.